ನ್ಯಾಯಾಧೀಶರಿಗೆ ನಾನು ಬರೆದುಕೊಟ್ಟ ಪತ್ರ

ಸುಳ್ಳು ಬರೆದುಕೊಟ್ಟವನು ನಾನು. ಒಬ್ಬ ನ್ಯಾಯಾಧೀಶರ ವಿದೇಶ ತರಬೇತಿಗೆ ತಗುಲಿದ ವಿಮಾನದ ಟಿಕೆಟು, ಹೋಟೆಲು, ಊಟ — ಎಲ್ಲದಕ್ಕೂ ಹಣ ಕೊಟ್ಟದ್ದು ಗಿಣಿಗೇರಾ ಕಡೆಯ ಒಂದು ಕಾರ್ಖಾನೆ. ಅದೇ ಕಾರ್ಖಾನೆಯ ಮೇಲೆ ಒಬ್ಬ ವಿಧವೆ ಹೂಡಿದ್ದ ದಾವೆ ಅದೇ ನ್ಯಾಯಾಧೀಶರ ಮುಂದೆ ಇತ್ತು. ಎರಡೂ ನನಗೆ ಗೊತ್ತಿತ್ತು.

ನಾನು ಗಂಗಾವತಿಯಲ್ಲಿ ಕಾನೂನು ಪಾಠ ಹೇಳುತ್ತಿದ್ದವನು. ನಿವೃತ್ತನಾದ ಮೇಲೆ ಕಾನೂನು ಅಧ್ಯಯನಕ್ಕಾಗಿ ನಾವು ನಾಲ್ಕು ಜನ ಕಟ್ಟಿಕೊಂಡಿದ್ದ ಸಣ್ಣ ಟ್ರಸ್ಟಿನ ಕಾರ್ಯದರ್ಶಿಯಾಗಿದ್ದೆ. ಆ ದಿನಗಳಲ್ಲೇ ತಳಕಲ್ಲು ಹಳ್ಳಿಯಿಂದ ಯಲ್ಲಮ್ಮ ಬಂದಳು, ಮಗಳ ಕೈ ಹಿಡಿದುಕೊಂಡು. ಗಂಡ ಗುತ್ತಿಗೆ ಕೂಲಿಗೆಂದು ಹೋಗಿ ಕಾರ್ಖಾನೆಯ ಶೆಡ್ಡಿನ ಮೇಲಿನಿಂದ ಬಿದ್ದು ಸತ್ತಿದ್ದ. ಆ ದಿನ ಅವನು ಕೆಲಸದಲ್ಲೇ ಇರಲಿಲ್ಲ ಎಂದು ಕಾರ್ಖಾನೆಯವರ ವಾದ.

"ಕೋರ್ಟಿಗೆ ಹೋಗವ್ವ. ಅಲ್ಲಿ ನಿನ್ನ ಮಾತು ಕೇಳೋರು ಅದಾರ," ಎಂದೆ. ವಕೀಲರನ್ನು ಹುಡುಕಿ ಕೊಟ್ಟವನೂ ನಾನೇ.

ದಾವೆ ನಡೆಯುತ್ತಿದ್ದಾಗ ಒಂದು ದಿನ ಕಾರ್ಖಾನೆಯ ಮ್ಯಾನೇಜರು ಮನೆಗೆ ಬಂದ. ಜಿನೀವಾದಲ್ಲಿ ಕಾರ್ಮಿಕ ಕಾನೂನಿನ ತರಬೇತಿ ಇದೆ ಎಂದ. ಯಾವ ನ್ಯಾಯಾಧೀಶರನ್ನು ಕಳಿಸಬೇಕೆಂಬುದನ್ನೂ ಹೇಳಿದ.

"ನಮ್ಮ ಹೆಸರು ಎಲ್ಲೂ ಬರೂದು ಬ್ಯಾಡ್ರಿ ಸರ. ನಿಮ್ಮ ಟ್ರಸ್ಟಿಗೆ ದೇಣಿಗಿ ಅಂತ ಕೊಡ್ತೀವಿ. ಜಡ್ಜ್ ಮೇಡಂ ಅವರ ಜೋಡಿ ನೀವೂ ಹೋಗಿ ಬರ್ರಿ."

ನೀವೂ — ಅಷ್ಟೇ ಸಾಕಾಯಿತು. ಇಡೀ ಬದುಕು ಪರದೇಶದ ತೀರ್ಪುಗಳನ್ನು ಬಾಯಿಪಾಠ ಮಾಡಿಸಿದವನು ನಾನು, ವಿಮಾನ ಹತ್ತಿದವನಲ್ಲ. ಅವನು ಯಾಕೆ ಬಂದಿದ್ದಾನೆಂದು ತಿಳಿಯಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾದೀತು.

ನ್ಯಾಯಾಧೀಶರು ದಕ್ಷಿಣದ ಜಿಲ್ಲೆಯಿಂದ ಬಂದಿದ್ದ ಹೆಣ್ಣುಮಗಳು. ಎಚ್ಚರದ ಮನುಷ್ಯೆ. ಆಹ್ವಾನಪತ್ರವನ್ನು ಎರಡು ಸಲ ಓದಿ ಕೇಳಿದರು: "ಇದಕ್ಕೆ ಹಣ ಕೊಡುವವರ ಯಾವುದಾದರೂ ಕೇಸು ನನ್ನ ಮುಂದೆ ಇದೆಯಾ ಸರ್? ಬರವಣಿಗೆಯಲ್ಲಿ ಕೊಡಿ. ಹೈಕೋರ್ಟಿನ ಅನುಮತಿ ಕೇಳುವಾಗ ಲಗತ್ತಿಸಬೇಕು."

ಬರೆದುಕೊಟ್ಟೆ. ವೆಚ್ಚವನ್ನು ಟ್ರಸ್ಟ್ ಸ್ವಂತ ನಿಧಿಯಿಂದ ಭರಿಸುತ್ತದೆ, ದೇಣಿಗೆದಾರರ ಯಾವ ಪ್ರಕರಣವೂ ತಮ್ಮ ಮುಂದೆ ಇಲ್ಲ — ಎಂದು. ಕೆಳಗೆ ಸಹಿ, ಮೊಹರು. ಅಕ್ಷರಗಳು ಎಂದಿನಂತೆ ದುಂಡಗೇ ಬಂದವು.

ಜಿನೀವಾದಲ್ಲಿ ಒಂದು ಇಡೀ ದಿನ, ಕೆಲಸದಲ್ಲಿ ಸತ್ತವರ ಹೆಂಡತಿ ಮಕ್ಕಳಿಗೆ ಪರಿಹಾರ ಕೊಡುವ ಬಗ್ಗೆಯೇ ಪಾಠವಿತ್ತು. ನ್ಯಾಯಾಧೀಶರು ಬಿಡದೆ ಪ್ರಶ್ನೆ ಕೇಳುತ್ತಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಆಗಲಾದರೂ ಹೇಳಬಹುದಿತ್ತು. ಮಧ್ಯಾಹ್ನ ಸರೋವರದ ದಂಡೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡೆ.

ಮರಳಿ ಬಂದ ಕೆಲವು ತಿಂಗಳಿಗೆ ಯಲ್ಲಮ್ಮನ ದಾವೆ ವಜಾ ಆಯಿತು. ಹಾಜರಿ ಪುಸ್ತಕದಲ್ಲಿ ಅವಳ ಗಂಡನ ಹೆಸರಿರಲಿಲ್ಲ, ಸಾಕ್ಷಿ ಹೇಳಬೇಕಾದವರು ಬರಲಿಲ್ಲ. ಯಾರೇ ಕುಳಿತಿದ್ದರೂ ಅದೇ ತೀರ್ಪು ಬರುತ್ತಿತ್ತೇನೋ. ಹಣ ಯಾರದೆಂಬುದು ಆ ನ್ಯಾಯಾಧೀಶರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲವೇನೋ. ಆದರೆ ಈ 'ಏನೋ'ಗಳನ್ನು ಹುಟ್ಟಿಸಿದವನು ನಾನು. ಆ ತೀರ್ಪು ಸರಿಯೇ ಇದ್ದರೂ ಇನ್ನು ಅದನ್ನು ಯಾರೂ ನಂಬುವಂತಿಲ್ಲ — ಅದನ್ನು ಬರೆದ ನ್ಯಾಯಾಧೀಶರೂ ಕೂಡ.

ಸೋತ ಸುದ್ದಿ ಹೇಳಲು ಯಲ್ಲಮ್ಮ ತಾನೇ ಬಂದಿದ್ದಳು. "ದೊಡ್ಡೋರು ನೋಡಿ ಹೇಳ್ಯಾರ ಸರ, ಖರೇನ ಇರಬೇಕು ಬಿಡ್ರಿ," ಎಂದಳು. ಮೇಲ್ಮನವಿಗೆ ಹೋಗಲಿಲ್ಲ. ಹೋಗೆಂದು ನಾನೂ ಹೇಳಲಿಲ್ಲ.

ಹಾಗೆಯೇ ವರ್ಷಗಳು ಕಳೆದವು. ಈಗೇಕೆ ಹೇಳುತ್ತಿದ್ದೀ ಎಂದರೆ — ವಯಸ್ಸಾಯಿತು ಎನ್ನುವುದೂ ಒಂದು ನೆಪವೇ. ಹೋದ ವಾರ ನನ್ನ ಪತ್ರದ ನಕಲನ್ನೂ ಕಾರ್ಖಾನೆಯ ದೇಣಿಗೆ ಪತ್ರವನ್ನೂ ಇಟ್ಟು ಹೈಕೋರ್ಟಿಗೆ ಬರೆದೆ. ಈಗ ಬೇರೆ ಊರಿನಲ್ಲಿರುವ ಆ ನ್ಯಾಯಾಧೀಶರಿಗೂ ಒಂದು ಪ್ರತಿ ಕಳಿಸಿದೆ. ಆಮೇಲೆ ತಳಕಲ್ಲಿನ ಬಸ್ಸು ಹತ್ತಿದೆ.

ಯಲ್ಲಮ್ಮ ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದಳು. ಮಗಳು ಕಾಲೇಜು ಓದುತ್ತಿದ್ದಾಳೆ. ಇಬ್ಬರ ಎದುರಿಗೂ ಎಲ್ಲ ಹೇಳಿದೆ. ಯಲ್ಲಮ್ಮ ಅಳಲಿಲ್ಲ, ಬಯ್ಯಲಿಲ್ಲ.

"ಹಂಗಾರ ನಾ ಸೋತಿದ್ದು ಖರೇನೋ, ಸುಳ್ಳೋ?"

"ಗೊತ್ತಿಲ್ಲವ್ವ."

ಯಲ್ಲಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ, "ಬಾಯಿಲೆ ಹೇಳಿದ್ದು ನಡಿಯಂಗಿಲ್ಲ. ಬರದು ಕೊಡ್ರಿ. ವಕೀಲರಿಗೆ ತೋರಸ್ತೀನಿ," ಎಂದಳು.

ಮಗಳು ತನ್ನ ನೋಟ್‌ಬುಕ್ಕಿನ ಹಾಳೆ ಹರಿದು ಕೊಟ್ಟಳು. ನಡೆದದ್ದನ್ನು ಬರೆದು, ಕೊನೆಗೆ 'ನನ್ನಿಂದ ತಪ್ಪಾಯಿತು' ಎಂದು ಸೇರಿಸಿ ಸಹಿ ಹಾಕಿದೆ. ಹುಡುಗಿ ತಾಯಿಗೆ ಗಟ್ಟಿಯಾಗಿ ಓದಿ ಹೇಳಿದಳು. ಯಲ್ಲಮ್ಮ ಆ ಕೊನೆಯ ಸಾಲಿಗೆ ತಡೆದಳು.

"ತಪ್ಪು ತಾನಾಗೇ ಆಗಲಿಲ್ಲಲ್ರೀ ಸರ. ನೀವು ಮಾಡಿದ್ರಿ. ಹಂಗ ಬರೀರಿ."

ಆ ಸಾಲನ್ನು ಹೊಡೆದುಹಾಕಿದೆ. ಕೆಳಗೆ 'ನಾನು ತಪ್ಪು ಮಾಡಿದೆ' ಎಂದು ಬರೆದು ಮತ್ತೆ ಸಹಿ ಮಾಡಿದೆ.