ಚಿಗುರದ ಮಲ್ಲಿಗೆ

ಕೊರೊನಾದ ಎರಡನೇ ಅಲೆ ಇಳಿದ ಮರುವರ್ಷ ನಾನು ಪಿರಿಯಾಪಟ್ಟಣದಲ್ಲಿ ಸಹಾಯಕ ತೋಟಗಾರಿಕಾ ಅಧಿಕಾರಿಯಾಗಿದ್ದೆ. ಅದು ತಂಬಾಕಿನ ಸೀಮೆ. ಹೂವಿನ ಬೆಳೆಗೆಂದು ಕಚೇರಿಗೆ ಬರುವವರು ಕಡಿಮೆ. ಹಾಗಾಗಿ ಫೆಬ್ರುವರಿಯ ಒಂದು ಬೆಳಿಗ್ಗೆ ಒಣ ಬಳ್ಳಿಯ ತುಂಡು ಹಿಡಿದು ಬಂದ ಸವಿತಾ ಚೆನ್ನಾಗಿ ನೆನಪಿದ್ದಾಳೆ.

ಹಾರನಹಳ್ಳಿ ಕಡೆಯವಳು, ಮೂವತ್ತು ದಾಟಿರಲಿಲ್ಲ. ಗಂಡ ಕೊರೊನಾದ ಮೊದಲ ಅಲೆಯಲ್ಲೇ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ ನಿಂಗಮ್ಮ. ಹೊಗೆಸೊಪ್ಪು ಒಬ್ಬಳ ಕೈಲಿ ಆಗುವ ಬೆಳೆಯಲ್ಲವೆಂದು ಅದನ್ನು ಬಿಟ್ಟು, ಮನೆಯ ಹಿಂದೆ ಮಲ್ಲಿಗೆ ಹಾಕಿದ್ದಳು. ಮೊದಲ ವರ್ಷ ಹೂ ಚೆನ್ನಾಗಿಯೇ ಬಂದಿತ್ತು. ಈ ಸಲ ಜನವರಿಯಲ್ಲಿ ಬಳ್ಳಿಯ ತುದಿ ಕತ್ತರಿಸಿದ ಮೇಲೆ ಒಂದು ಎಲೆಯೂ ಕಾಣಿಸಿರಲಿಲ್ಲ. ಗೊಬ್ಬರದಂಗಡಿಯವನು ಯೂರಿಯಾ ಹಾಕಿಸಿದ್ದ. ಪಕ್ಕದವರು ನೀರು ಸಾಲದೆಂದಿದ್ದರು. ಎರಡೂ ಮಾಡಿ ಸೋತು ಬಂದಿದ್ದಳು.

ಮರುದಿನವೇ ಅವಳ ಹಿತ್ತಿಲಿಗೆ ಹೋದೆ. ಮೊದಲು ಉಗುರಿನಿಂದ ತೊಗಟೆ ಕೆರೆದೆ. ಒಳಗೆ ಹಸಿರಿತ್ತು, ಅಂದರೆ ಬಳ್ಳಿ ಸತ್ತಿರಲಿಲ್ಲ. ಬುಡ ಬಿಡಿಸಿ ನೋಡಿದೆ. ಗೆದ್ದಲಿಲ್ಲ, ಕೊಳೆತಿಲ್ಲ, ಹೊಸ ಬಿಳಿ ಬೇರು ಕೂಡ ಇತ್ತು. ಬೇಲಿಯಾಚೆ ಅದೇ ಮಣ್ಣಿನಲ್ಲಿ ಬೇರೆಯವರ ಮಲ್ಲಿಗೆ ಹುಲುಸಾಗಿ ಚಿಗುರಿತ್ತು. ಕೊನೆಗೆ ಭೂತಗನ್ನಡಿ ತೆಗೆದು ಗೆಣ್ಣುಗಳನ್ನು ನೋಡತೊಡಗಿದೆ. ಪ್ರತಿ ಗೆಣ್ಣಿನಲ್ಲೂ ಎಲೆ ಒಡೆಯಬೇಕಾದ ಕಣ್ಣು ಸುಟ್ಟು ಕಪ್ಪಾಗಿತ್ತು, ಪಕ್ಕದ ತೊಗಟೆಗೆ ಏನೂ ಆಗಿರಲಿಲ್ಲ. ಯಾವ ರೋಗವೂ ಇಷ್ಟು ಲೆಕ್ಕಾಚಾರದಿಂದ ಬರುವುದಿಲ್ಲ. ಒಂದು ಗೆಣ್ಣನ್ನು ಉಜ್ಜಿದೆ. ಬೆರಳಿಗೆ ಜಿಡ್ಡು ಹತ್ತಿತು, ಸೋಪಿನಂಥ ವಾಸನೆ.

ಸವಿತಾ ನನ್ನ ಬೆರಳನ್ನು ಮೂಸಿ ನೋಡಿದಳು.

“ಇದು ಹೊಗೆಸೊಪ್ಪಿನ ಔಷಧಿ ಮೇಡಂ,” ಎಂದಳು.

ಹೊಗೆಸೊಪ್ಪಿನ ಕುಡಿ ಮುರಿದ ಮೇಲೆ ಎಲೆಯ ಕಂಕುಳಲ್ಲಿ ಮರಿ ಚಿಗುರು ಹೊಡೆಯುತ್ತದೆ. ಅದನ್ನು ಸುಡಲು ಗಿಡದ ತುದಿಯಿಂದ ಔಷಧಿ ಇಳಿಬಿಡುತ್ತಾರೆ. ಅದು ತಗುಲಿದ ಕಣ್ಣು ಸಾಯುತ್ತದೆ, ಗಿಡ ಉಳಿಯುತ್ತದೆ. ಇಲ್ಲಿ ಯಾರೋ ಅದನ್ನು ನೀರು ಬೆರೆಸದೆ, ಗೆಣ್ಣು ಗೆಣ್ಣಿಗೂ ಸವರಿದ್ದರು. ಅದು ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ಸವಿತಾ ಹಗಲೆಲ್ಲ ಕೂಲಿಗೆ ಹೋಗುತ್ತಿದ್ದಳು. ಔಷಧಿಯ ಕ್ಯಾನು ಹಳೆಯ ಬ್ಯಾರನ್‌ನಲ್ಲಿ, ಅವರು ಹೊಗೆಸೊಪ್ಪು ಬೇಯಿಸುತ್ತಿದ್ದ ಮನೆಯಲ್ಲಿ, ಉಳಿದಿತ್ತು.

ನಿಂಗಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು. ಯಾರೂ ಕೇಳುವ ಮೊದಲೇ ಹೇಳಿದರು.

“ನಾನೇ ಕಣವ್ವ ಹಚ್ಚಿದ್ದು. ನನ್ ಮಗನ್ ಮೊಕಾನೂ ತೋರಿಸ್ನಿಲ್ಲ, ಪಿಲಾಸ್ಟಿಕ್ನಲ್ ಸುತ್ತಿ ಸುಟ್ಟಾಕುದ್ರು. ಅವ್ನು ಓಗಿ ವರ್ಸ ತುಂಬ್ನಿಲ್ಲ, ಇವ್ಳು ಹೂವಿನ ಬುಟ್ಟಿ ಇಡ್ಕಂಡು ಬಸ್ ಅತ್ತುದ್ಲು. ನನ್ ಮಗ ಚಿಗುರ್ನಿಲ್ಲ. ಇದ್ಯಾಕ್ ಚಿಗುರ್ಬೇಕು?”

ಧ್ವನಿ ಏರಿಸಲಿಲ್ಲ, ಅಳಲೂ ಇಲ್ಲ. ಸವಿತಾ ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ನನ್ನ ಕಡೆ ತಿರುಗಿ, ಈಗ ಏನು ಮಾಡಬೇಕು ಎಂದಷ್ಟೇ ಕೇಳಿದಳು. ಔಷಧಿ ಬೇರಿಗೆ ಇಳಿದಿಲ್ಲ, ನೆಲದಿಂದ ಗೇಣುದ್ದ ಬಿಟ್ಟು ಕತ್ತರಿಸಿದರೆ ಬುಡದಲ್ಲಿ ಅಡಗಿದ ಕಣ್ಣುಗಳು ಒಡೆಯುತ್ತವೆ, ಎಲೆ ಬರುವವರೆಗೆ ಗೊಬ್ಬರ ಬೇಡ, ಹದವಾಗಿ ನೀರು ಕೊಡು ಎಂದೆ. ಅವಳು ಒಳಗೆ ಹೋಗಿ ಕುಡುಗೋಲು ತಂದಳು.

“ಅತ್ತೆ, ಬನ್ನಿ. ಬಳ್ಳಿ ಇಡ್ಕಳಿ.”

ಮುದುಕಿ ಎದ್ದು ಬಂದರು. ಬಿಸಿಲಲ್ಲಿ ಬಗ್ಗಿ ಒಂದೊಂದೇ ಬಳ್ಳಿ ಹಿಡಿದರು, ಸೊಸೆ ಕಡಿದಳು. ಸಾಲು ಮುಗಿಯುವವರೆಗೆ ಕೂರಲು ಬಿಡಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಆ ದಾರಿಯಲ್ಲಿ ಹೋಗುವಾಗ ನೋಡಿದೆ. ಬಳ್ಳಿಗಳು ಬುಡದಿಂದ ಎದ್ದು ಮೊಗ್ಗು ಬಿಟ್ಟಿದ್ದವು. ಇಲಾಖೆಯ ಲೆಕ್ಕದಲ್ಲಿ ಅದು ಗೆದ್ದ ಪ್ರಕರಣ. ಜಗಲಿಯ ಮೇಲೆ ನಿಂಗಮ್ಮ ಮೊಗ್ಗಿನ ರಾಶಿಯ ಮುಂದೆ ಕೂತು, ನೂಲನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಹೂ ಕಟ್ಟುತ್ತಿದ್ದರು. ಕೈಗೆಟುಕದಷ್ಟು ದೂರದಲ್ಲಿ ಮುಚ್ಚಿಟ್ಟ ತಟ್ಟೆಯಿತ್ತು. ಮಧ್ಯಾಹ್ನ ಇಳಿದಿತ್ತು, ಊಟವಾಯಿತೇ ಎಂದೆ. ಉತ್ತರ ಕೊಟ್ಟವಳು ಸವಿತಾ.

“ರಾಶಿ ಮುಗುದ್ರೆ ಊಟ ಮೇಡಂ. ಅವ್ರಿಗೂ ಗೊತ್ತು.”

ವಯಸ್ಸಾಗಿದೆ, ಪಾಪ, ಎಂದೆ.

“ಚಿಗುರು ಸುಡಕ್ಕೆ ವಯಸ್ಸಾಗಿರ್ನಿಲ್ವಲ್ಲ.”

ನನಗೊಂದು ಮೊಳ ಹೂ ಹರಿದುಕೊಟ್ಟಳು. ಬೇಡವೆನ್ನಲು ಆಗಲಿಲ್ಲ. ಮುದುಕಿ ಮುಂದಿನ ಮೊಗ್ಗಿಗಾಗಿ ರಾಶಿಯಲ್ಲಿ ತಡಕುತ್ತಿದ್ದರು.

ನಿವೃತ್ತಿಯಾದ ಮೇಲೂ ಕಿರಿಯ ಅಧಿಕಾರಿಗಳು ಚಿಗುರದ ಗಿಡದ ಫೋಟೋ ಕಳಿಸಿ ಕಾರಣ ಕೇಳುತ್ತಾರೆ. ತೊಗಟೆ ಕೆರೆಯಿರಿ, ಬೇರು ನೋಡಿ, ಕಣ್ಣು ನೋಡಿ, ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆಂದೂ ಕೇಳಿ ಎನ್ನುತ್ತೇನೆ. ಅದು ಕಲಿಸಬಹುದಾದ ಭಾಗ. ಉಳಿದದ್ದನ್ನು ಅವರೇ ಯಾವುದಾದರೂ ಜಗಲಿಯ ಮುಂದೆ ನಿಂತು ಕಲಿಯಬೇಕು. ಬಳ್ಳಿಯನ್ನು ಬದುಕಿಸಲು ನನಗೆ ತಿಳಿದಿತ್ತು. ಆ ಮನೆಯಲ್ಲಿ ಕಡಿದರೂ ಮತ್ತೆ ಚಿಗುರುವಂಥದ್ದು ಅದೊಂದೇ ಇತ್ತು.