ಬದುಕಿದ್ದವರಿಗೆ ಹಾಕಿದ ‘ದಿ||’

ನಾನು ಎಂಟನೇ ಕ್ಲಾಸು ದಾಟಿಲ್ಲ. ಗುಬ್ಬಿಯ ಲಗ್ನಪತ್ರಿಕೆ ಅಂಗಡಿಯಲ್ಲಿ ದಪ್ಪ ಮಾನಿಟರ್ ಮುಂದೆ ಕೂತೇ ಪ್ರೋಗ್ರಾಂ ಬರೆಯುವುದು ಕಲಿತೆ.

ಪ್ರತಿ ಮದುವೆಗೂ ಒಂದು ಸಣ್ಣ ಫೈಲು. ವಧು, ವರ, ತಂದೆ, ಮುಹೂರ್ತ, ಒಂದೊಂದಕ್ಕೆ ಒಂದು ಸಾಲು. ತಂದೆ ತೀರಿಕೊಂಡಿದ್ದರೆ ಮಾತ್ರ ‘ದಿವಂಗತ=ಹೌದು’ ಎಂದು ಇನ್ನೊಂದು ಸಾಲು. ಪ್ರೋಗ್ರಾಂ ಅದನ್ನು ಓದಿ ಒಂದು ಆಬ್ಜೆಕ್ಟ್‌ಗೆ ತುಂಬುತ್ತಿತ್ತು. ಆಬ್ಜೆಕ್ಟ್ ಅಂದರೆ ಖಾನೆಗಳಿರುವ ಡಬ್ಬಿ, ಅಷ್ಟೆ. ಪ್ರತಿ ಮದುವೆಗೂ ಹೊಸ ಡಬ್ಬಿ ಮಾಡಬೇಕಿತ್ತು. ನಾನು ಹಳೆಯದರಲ್ಲೇ ತುಂಬುತ್ತಿದ್ದೆ. ಫೈಲಿನಲ್ಲಿ ಯಾವ ಸಾಲು ಇಲ್ಲವೋ ಆ ಖಾನೆಯಲ್ಲಿ ಹಿಂದಿನ ಮನೆಯದು ಹಾಗೇ ಉಳಿಯುತ್ತದೆ ಎಂದು ಹೊಳೆಯಲಿಲ್ಲ.

ಒಮ್ಮೆ ಸಿ.ಎಸ್. ಪುರದ ಹುಡುಗಿಯೊಬ್ಬಳ ಪತ್ರಿಕೆ ಬಂತು. ಅದಕ್ಕೆ ಮುಂಚೆ ಮಾಡಿದ್ದು ತಂದೆಯಿಲ್ಲದ ಇನ್ನೊಬ್ಬಳದು. ಪ್ರೂಫ್ ನೋಡಲು ಬಂದ ಸಿ.ಎಸ್. ಪುರದ ಹುಡುಗಿಯ ಸೋದರಮಾವ, ಸುಖಾಗಮನ ಬಯಸುವವರ ಪಟ್ಟಿಯಲ್ಲಿ ತನ್ನ ಹೆಸರು ಎಷ್ಟನೆಯದು ಎಂದಷ್ಟೇ ನೋಡಿ ಸರಿ ಅಂದ.

ಪತ್ರಿಕೆ ಹಂಚಿದ ಮೇಲೆ ಆ ಹುಡುಗಿಯ ಅಪ್ಪನೇ ಅಂಗಡಿಗೆ ಬಂದರು. ತಮ್ಮ ಹೆಸರಿಗೆ ಸೇರಿಕೊಂಡಿದ್ದ ‘ದಿ||’ ಮೇಲೆ ಬೆರಳಿಟ್ಟರು.

“ಮುಟ್ ನೋಡ್ಲಾ ಕೈಯ. ತಣ್ಣಗೈತಾ?”

“ತಪ್ಪಾಯ್ತಣ್ಣ. ಇವತ್ತೇ ಬೇರೆ ಹಾಕ್ಕೊಡ್ತೀನಿ.”

“ಹಾಕು. ಹಂಚಿರೋದ್ನ ನಾನೇ ಮನೆಮನೆಗೋಗಿ ಈಸ್ಕಂಡ್ ಬತ್ತೀನಿ. ಧಾರೆ ಗಂಟ ನಾನಿರ್ಬೇಕು ಕಣಪ್ಪ. ಅಚ್ಚಾದ್ದು ಸುಳ್ಳಾಗಲ್ಲ ಅಂತ ನಮ್ಮವ್ವ ಅನ್ನ ಬುಟ್ಟವ್ಳೆ.”

ಪ್ರೋಗ್ರಾಂ ಸರಿಮಾಡಲು ಒಂದು ಸಾಲು ಸಾಕಾಯಿತು. ಹೆದರಿಕೆ ಹೋಗಲಿಲ್ಲ. ಮದುವೆಗೆ ಹನ್ನೊಂದು ದಿನ ಇತ್ತು. ದಿನಾ ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಹೋಗಿ, ಊರಲ್ಲಿ ಯಾರಾದರೂ ತೀರಿಕೊಂಡರಾ ಎಂದು ಸಿ.ಎಸ್. ಪುರದ ಬಸ್ಸಿನ ಕಂಡಕ್ಟರನ್ನು ಕೇಳುತ್ತಿದ್ದೆ.

“ಏನ್ಲೇ, ತಿಥಿ ಕಾರ್ಡಿಗೆ ಆರ್ಡರ್ ಹಿಡಿಯಾಕ್ ಬಂದ್ಯಾ?” ಎಂದು ಅವನು ನಗುತ್ತಿದ್ದ.

ಮದುವೆ ಕುಣಿಗಲ್‌ನಲ್ಲಿ, ಗಂಡಿನ ಕಡೆಯವರ ಊರು. ಕರೆಯದಿದ್ದರೂ ಹೋದೆ. ಧಾರೆಯ ನೀರು ಬೀಳುವವರೆಗೂ ಹುಡುಗಿಯ ಅಪ್ಪನ ಎದೆಯನ್ನೇ ನೋಡುತ್ತಿದ್ದೆ, ಉಸಿರಾಡುತ್ತಿದ್ದಾರಾ ಎಂದು. ಬೀಗರು ಹಾಕಿದ ಹಾರ ನನಗೆ ಫೋಟೊಗೆ ಹಾಕಿದ ಹಾರದಂತೆ ಕಂಡಿತು.

ಧಾರೆ ಮುಗಿಯಿತು. ಅವರಿದ್ದರು. ಊಟಕ್ಕೆ ಕೂತೆ. ಪಕ್ಕದಲ್ಲಿ ಗೂಳೂರಿಂದ ಬಂದ ಮುದುಕನೊಬ್ಬನಿದ್ದ.

“ಲಾಡು ಇಕ್ತಾವ್ರಲ್ಲ, ಹೆಣ್ಣಿನಪ್ಪನ್ ಥರಾನೇ ಅವ್ರೆ. ಪಾಪ, ಅವ್ರಿಲ್ಲ. ತಮ್ಮ ಇರ್ಬೇಕು.”

“ಅವ್ರೇ ಕಣಜ್ಜ. ಬದುಕವ್ರೆ.”

“ನಿಂಗೇನ್ ಗೊತ್ಲಾ? ಪತ್ರಿಕೆ ನಮ್ಮನೇಲೈತೆ, ‘ದಿ||’ ಅಂತ ಅಚ್ಚಾಗೈತೆ.”

ಅಷ್ಟರಲ್ಲಿ ಹುಡುಗಿಯ ಅಪ್ಪ ಲಾಡಿನ ತಟ್ಟೆ ಹಿಡಿದು ನಮ್ಮ ಸಾಲಿಗೆ ಬಂದು, “ಹೆಂಗಿದೀಯಾ ಮಾವ?” ಎಂದು ಬಗ್ಗಿದರು. ಮುದುಕ ಅವರ ಮುಖವನ್ನೇ ನೋಡಿದ. ಆಮೇಲೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ.