ನಾಲ್ಕು ಗಂಟೆಗೆ ಮಣ್ಣು

ವೆಂಕಟಲಕ್ಷ್ಮಮ್ಮ ಇಪ್ಪತ್ತೆಂಟು ವರ್ಷ ದ್ರೌಪದಿಯಾಗಿ ಬದುಕಿದವರು. ನಮ್ಮ ಕಡೆ ನಾಟಕದಲ್ಲಿ ಊರ ಗಂಡಸರೇ ಭೀಮ, ದುರ್ಯೋಧನರಾಗುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಹಗರೆ, ಗಂಡಸಿ, ಎಲ್ಲಿ ಬಣ್ಣ ಹಚ್ಚಿ ನಿಂತರೂ ಮೈಕ್ ಇಲ್ಲದೆ ಕೊನೆಯ ಸಾಲಿಗೆ ಕೇಳುವ ಗಂಟಲು. ಮಂಡಿ ಸವೆದು ಮುಖ ಬಾಡಿದ ಮೇಲೆ ಯಾರೂ ಕರೆಯಲಿಲ್ಲ. ವಸ್ತ್ರಾಪಹರಣಕ್ಕೆ ಶಿಳ್ಳೆ ಹೊಡೆದ ಮಹನೀಯರೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಕಂಡರೆ ಮೊಬೈಲ್ ನೋಡುತ್ತಿದ್ದರು.

ಐವತ್ತೊಂದನೇ ವಯಸ್ಸಿನಲ್ಲಿ ಅರಸೀಕೆರೆಯ ಚನ್ನೇಶನ ರೆಕಾರ್ಡಿಂಗ್ ಕೋಣೆಯಲ್ಲಿ ದನಿ ಕೊಡುವ ಕೆಲಸ ಸಿಕ್ಕಿತು. ಅಂಗಡಿ ಉದ್ಘಾಟನೆ, ಕಣ್ಣಿನ ಶಿಬಿರ, ಸಾವಿನ ಸುದ್ದಿ. ಅದನ್ನು ಆಟೊದ ಮೈಕಿನಲ್ಲಿ ಊರೂರಿಗೆ ಕೇಳಿಸುವವನು ನಾನು. ಮೊದಲ ದಿನ ಕಣ್ಣಿನ ಶಿಬಿರವನ್ನೂ ಕೌರವರಿಗೆ ಶಾಪ ಹಾಕುವ ಹಾಗೆ ಹೇಳಿದರು. "ಮೆಲ್ಲಗೆ ಅಮ್ಮ, ಪಕ್ಕದ ಮನೆಯೋರತ್ರ ಮಾತಾಡ್ದಂಗೆ" ಎಂದ ಚನ್ನೇಶ. ವಾರದಲ್ಲಿ ಕಲಿತರು. ಹಾಳೆ ಕೊಟ್ಟರೆ, "ಒಂದ್ಸಲ ನೀನೇ ಓದಪ್ಪ, ಧಾಟಿ ಹಿಡೀಬೇಕು" ಎನ್ನುತ್ತಿದ್ದರು. ಆಮೇಲೆ ಅದೇ ಹಾಳೆ ಹಿಡಿದು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ನಾವು ಪೆದ್ದರು, ಅದೂ ಕಲೆಯೇ ಎಂದುಕೊಂಡೆವು. ನಾಟಕದ ಮೇಷ್ಟ್ರು ಎಲ್ಲವನ್ನೂ ಬಾಯಿಪಾಠ ಮಾಡಿಸಿದ್ದರು. ಆಕೆಗೆ ಓದು ಬರುತ್ತಿರಲಿಲ್ಲ. ಗೊತ್ತಾದರೆ ಈ ಅನ್ನವೂ ಹೋಗುತ್ತದೆಂದು ಹೆದರಿ ಮುಚ್ಚಿಟ್ಟಿದ್ದರು.

ಹೋದ ವರ್ಷ ಬಾಣಾವರದ ಚನ್ನಪ್ಪ ತೀರಿಕೊಂಡರು. ಸಂಜೆ ನಾಲ್ಕಕ್ಕೆ ಮಣ್ಣು ಎಂದು ಚನ್ನೇಶ ಆಕೆಗೆ ಓದಿ ಹೇಳಿದ ಮೇಲೆ ಸತ್ತವರ ಮಗ ರಘುವಿನ ಫೋನ್ ಬಂತು: ಹೆಣ ತಡೆಯುವುದಿಲ್ಲ, ಹನ್ನೆರಡಕ್ಕೇ ಮುಗಿಸುತ್ತೇವೆ. ಚನ್ನೇಶ ಕೆಂಪು ಪೆನ್ನಿನಲ್ಲಿ ತಿದ್ದಿ, "ತಿದ್ದಿರೋದು ನೋಡ್ಕಂಡು ಹೇಳಿ" ಎಂದು ಹಾಳೆ ಕೊಟ್ಟು ಹೊರಗೆ ಹೋದ. ಆಕೆ ಹಾಳೆ ನೋಡಿದರು, ತಲೆಯಾಡಿಸಿದರು, ಗಟ್ಟಿ ಮಾಡಿದ್ದನ್ನೇ ಹೇಳಿದರು. ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ, ಅದನ್ನು ನಾನು ಗಂಡಸಿಯವರೆಗೂ ಕೂಗಿಸಿಕೊಂಡು ಬಂದೆ.

ಮರುದಿನ ಚನ್ನಪ್ಪನವರ ತಂಗಿ ಬೋರಮ್ಮ ಕೋಣೆಗೆ ಬಂದರು. ಅಣ್ಣನ ಮನೆಯವರು ಮಾತು ಬಿಟ್ಟು ಆರು ವರ್ಷ, ಯಾರೂ ಫೋನ್ ಮಾಡಿರಲಿಲ್ಲ. ಗಂಡಸಿಯಲ್ಲಿ ಬೆಳಿಗ್ಗೆಯೇ ನನ್ನ ಮೈಕ್ ಕೇಳಿ ಬಸ್ ಸ್ಟ್ಯಾಂಡಿಗೆ ಬಂದವರು, ನಾಲ್ಕಕ್ಕೆ ತಾನೇ ಎಂದು ತುಂಬಿದ ಬಸ್ಸುಗಳನ್ನು ಬಿಟ್ಟು ಮಧ್ಯಾಹ್ನದ ಬಸ್ ಹತ್ತಿದ್ದರು. ಮೂರಕ್ಕೆ ಬಾಣಾವರ ಮುಟ್ಟಿದರೆ ಗುಂಡಿ ಮುಚ್ಚಿ ಆಗಿತ್ತು. ಅಣ್ಣನ ಮುಖ ನೋಡಲಿಲ್ಲ, ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಲಿಲ್ಲ.

"ನಾಲ್ಕು ಗಂಟೆ ಅಂದೋಳು ಯಾರು?"

ಚನ್ನೇಶ ಹಾಳೆ ತೆಗೆದು ನೋಡಿದ. ಅವನು ತಿದ್ದಿದ್ದು ಸರಿಯಾಗಿಯೇ ಇತ್ತು. ಕಂಪ್ಯೂಟರಿನ ತಪ್ಪು ಎನ್ನಬಹುದಿತ್ತು, ನಾನಾಗಿದ್ದರೆ ಅನ್ನುತ್ತಿದ್ದೆ. ವೆಂಕಟಲಕ್ಷ್ಮಮ್ಮ ಎದ್ದು ನಿಂತರು.

"ನಾನೇ ಕಣವ್ವ. ನಂಗೆ ಓದಕ್ಕೆ ಬರಲ್ಲ."

ಈಗ ಬೈಗುಳ ಬರುತ್ತದೆ ಎಂದು ಕಾದೆವು. ಬೋರಮ್ಮ ಬೈಯಲಿಲ್ಲ. ಬಾಗಿಲಲ್ಲೇ ಕುಳಿತರು.

"ನಂಗೂ ಬರಲ್ಲ ಕಣವ್ವ. ಬಸ್ ಸ್ಟ್ಯಾಂಡ್ನಾಗೆ ಫೋಟೋ ಹಾಕಿ ಕಾಗ್ದ ಅಂಟ್ಸಿದ್ರು, ಅದ್ರಾಗೆ ಹನ್ನೆರಡು ಅಂತಲೇ ಇತ್ತಂತೆ. ಅದ್ರ ಪಕ್ಕದಾಗೇ ನಿಂತಿದ್ದೆ. ನಿನ್ನ ಮಾತು ನಂಬ್ಕಂಡು."